ಎಂಟು ಸಾವಿರ ಬಾಯಿ

ನನ್ನ ಅಂಗಡಿಯ ಕೌಂಟರಿನ ಕೆಳಗೆ ಗಾಜು ಒಡೆದ ಫೋನುಗಳ ಒಂದು ಗೋಣಿಚೀಲ ಇತ್ತು. ಕುಣಿಗಲ್ ಬಸ್ ನಿಲ್ದಾಣದ ಎದುರು ಹತ್ತೊಂಬತ್ತು ವರ್ಷದಿಂದ ಮೊಬೈಲ್ ರಿಪೇರಿ ಮಾಡುತ್ತಿರುವವನು ನಾನು, ಹೆಸರು ಗಂಗಹನುಮಯ್ಯ. ಜನ ಏನು ಮಾಡುತ್ತಾರೆ ಗೊತ್ತಲ್ಲ? ಗಾಜು ಒಡೆಯಿತು ಅಂದರೆ ಫೋನೇ ಸತ್ತಿತು ಅಂತ ತೀರ್ಮಾನಿಸಿ ಹೊಸದು ಕೊಳ್ಳುತ್ತಾರೆ. ಅಲ್ಲಾ ಸ್ವಾಮಿ, ಮುಖಕ್ಕೆ ಪೆಟ್ಟಾದ ಮಾತ್ರಕ್ಕೆ ಮನುಷ್ಯ ಸಾಯುತ್ತಾನೆಯೇ? ಒಳಗೆ ಕಿವಿ ಇದೆ, ಮೆದುಳು ಇದೆ, ಕರೆ ಬಂದಾಗ ಗುರ್ ಎಂದು ನಡುಗುವ ಪುಟ್ಟ ಮೋಟಾರು ಇದೆ. ಎಲ್ಲವೂ ಕಲ್ಲುಗುಂಡಿನ ಹಾಗೆ ಗಟ್ಟಿ. ಏನು ಮಾಡಬೇಕು ಅಂತ ಹೇಳಲು ಒತ್ತುವ ಗಾಜೊಂದಿಲ್ಲ, ಅಷ್ಟೇ.

ಆ ಕೊರತೆಗೆ ಮದ್ದು ಸಿಕ್ಕಿದ್ದು ಪಾಲಿಟೆಕ್ನಿಕ್ಕಿನ ಯಾರೋ ನನ್ನ ಅಂಗಡಿಯಲ್ಲಿ ಬಿಟ್ಟುಹೋದ ಒಂದು ಹಸಿರು ಬೋರ್ಡಿನಲ್ಲಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ, ಎರಡೂ ಅಂಚಿಗೆ ಪಿನ್ನುಗಳು. ಕಾಲೇಜಿನವರು ಪ್ರಾಜೆಕ್ಟಿಗೆ ಬಳಸುತ್ತಾರೆ. ನಾವು ಬರೆದ ಪ್ರೋಗ್ರಾಂ ಒಳಗೆ ಹೋದರೆ ಸಾಕು, ದೀಪ ಹಚ್ಚು ಅಂದರೆ ಹಚ್ಚುತ್ತದೆ, ಫ್ಯಾನು ತಿರುಗಿಸು ಅಂದರೆ ತಿರುಗಿಸುತ್ತದೆ. ಇದಕ್ಕೆಲ್ಲ ಕಂಪ್ಯೂಟರ್ ಬೇಕು ಅಂದುಕೊಂಡಿದ್ದೆ. ಬೇಡವೇ ಬೇಡ! ನನ್ನ ಸ್ವಂತ ಫೋನಿನಲ್ಲಿ ಒಂದು ಆಪ್ ಹಾಕಿಕೊಂಡು, ಹೆಬ್ಬೆರಳಿನಲ್ಲೇ ಪ್ರೋಗ್ರಾಂ ಬರೆದು, ಒಂದು ಗೇಣು ಕೇಬಲ್ಲಿನಲ್ಲಿ ಬೋರ್ಡಿಗೆ ಇಳಿಸಿದೆ. ಬೋರ್ಡಿನ ಮೇಲೆ ಸಾಸಿವೆ ಕಾಳಿನಷ್ಟು ದೀಪವೊಂದಿದೆ. ಅದು ನಾನು ಹೇಳಿದಂತೆ ಎರಡು ಸಲ ಮಿನುಗಿ, ನಿಂತು, ಮತ್ತೆ ಎರಡು ಸಲ ಮಿನುಗಿತು. ನಾನು ಎದುರಿಗಿದ್ದ ಗಿರಾಕಿಯನ್ನು ತಬ್ಬಿಕೊಂಡುಬಿಟ್ಟೆ. ಆತ ಚಾರ್ಜರ್ ಕೊಳ್ಳದೆಯೇ ಹೊರಟುಹೋದ.

ವಾರದೊಳಗೆ ಇನ್ನೊಂದು ಗುಟ್ಟು ಗೊತ್ತಾಯಿತು. ಗಾಜು ಒಡೆದ ಫೋನಿಗೆ ಈ ಬೋರ್ಡನ್ನು ಸಿಕ್ಕಿಸಿದರೆ ಫೋನು ಅದನ್ನು ಕೀಬೋರ್ಡ್ ಅಂತ ನಂಬಿಬಿಡುತ್ತದೆ. ಬೆರಳು ಮಾಡಬೇಕಾದ ಕೆಲಸವನ್ನು ಬೋರ್ಡು ಮಾಡುತ್ತದೆ. ಗೋಣಿಚೀಲದಲ್ಲಿ ಹೆಣದ ಹಾಗೆ ಬಿದ್ದಿದ್ದ ಫೋನುಗಳು ಒಂದೊಂದಾಗಿ ಎದ್ದು ಕೂತವು. ಎದ್ದು ಕೂತವನ್ನು ಏನು ಮಾಡುವುದು ಎಂದು ಮಾತ್ರ ನನಗೆ ತಿಳಿದಿರಲಿಲ್ಲ.

ಅದು ತಿಳಿದಿದ್ದು ನನ್ನ ಅಕ್ಕ ಪುಟ್ಟಹೊನ್ನಮ್ಮನಿಗೆ. ಒಂಬತ್ತು ಕಿಲೋಮೀಟರ್ ಆಚೆ ಕೊಡಗೀಪಾಳ್ಯದಲ್ಲಿ ಅವಳ ಮನೆ. ಹದಿನಾಲ್ಕನೇ ವಯಸ್ಸಿನಿಂದ ರೇಷ್ಮೆ ಹುಳು ಮೇಯಿಸಿದ ಕೈ ಅವಳದು. ಒಂದು ಮಂಗಳವಾರ ಸಂತೆ ಮುಗಿಸಿ ಅಂಗಡಿಗೆ ಬಂದವಳೇ ಸ್ಟೂಲು ಎಳೆದು ಕೂತಳು.

“ಹನುಮ, ನಿನ್ ಬೋರ್ಡು ಲೈಟ್ ಹಚ್ತದೆ, ಫ್ಯಾನ್ ತಿರುಗಿಸ್ತದೆ, ಎಲ್ಲಾ ಸರಿ. ಹುಳ ಬಾಯಿ ಕಟ್ಕೊಳೋಕ್ ಮುಂಚೆ ನಂಗ್ ಬಂದು ಹೇಳ್ತದಾ?”

ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ.

ಬಾಯಿಕಟ್ಟು ಅನ್ನುವ ರೋಗ ಬಂದು ಆಗ ಮೂರು ವರ್ಷವಾಗಿತ್ತು. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು ಎಲ್ಲವನ್ನೂ ಕಂಡ ಜನ ನಮ್ಮವರು. ಇದು ಅವು ಯಾವುದೂ ಅಲ್ಲ. ನಿನ್ನೆಯವರೆಗೆ ಚೆನ್ನಾಗಿ ಮೇಯುತ್ತಿದ್ದ ಹುಳು ಇವತ್ತು ತಲೆ ಬಗ್ಗಿಸಿ ಸುಮ್ಮನಾಗುತ್ತದೆ. ನಾಡಿದ್ದಿಗೆ ತಟ್ಟೆ ತಟ್ಟೆಯೇ ಖಾಲಿ. ಕಣ್ಣಿಗೆ ಕಾಣುವ ಹೊತ್ತಿಗೆ ಪಕ್ಕದ ಮನೆಗಳಿಗೂ ಹಬ್ಬಿರುತ್ತದೆ. ಅದಕ್ಕೆ ಸರ್ಕಾರ ಕಡಕ್ ಕಾನೂನು ತಂದಿತ್ತು: ಬಾಯಿಕಟ್ಟು ಕಂಡ ಮನೆಯ ಹುಳುಗಳನ್ನೆಲ್ಲ ಅದೇ ದಿನ ಸುಣ್ಣ ಹಾಕಿ ಹೂಳಬೇಕು.

ಅಕ್ಕ ಮೇಯಿಸುತ್ತಿದ್ದುದು ಮಾರಾಟದ ಹುಳುವನ್ನಲ್ಲ, ಮೊಟ್ಟೆಗಾಗಿ ಸಾಕುವ ಬಿತ್ತನೆಯ ಹುಳುವನ್ನು. ಹಸಿರುಹೊನ್ನು ಅಂತ ತಳಿ, ಗೂಡು ಎಳೆ ಮಾವಿನ ಬಣ್ಣ. ತಾಯಿ ಈ ತಳಿಯದ್ದಾದರೆ ಮಾತ್ರ ನಮ್ಮ ಸೀಮೆಯ ಬಿಸಿಲು ತಡೆಯುವ ಹುಳು ಹುಟ್ಟುತ್ತದೆ. ಬಾಯಿಕಟ್ಟಿನಿಂದಾಗಿ ಕೊನೆಗೆ ಆ ತಳಿ ಉಳಿದಿದ್ದು ಮೂರು ಮನೆಗಳಲ್ಲಿ. ಆ ವರ್ಷ ಯುಗಾದಿಯ ಹೊತ್ತಿಗೆ ಎರಡು ಮನೆಯ ಹುಳುಗಳನ್ನು ಹೂತಾಗಿತ್ತು. ಉಳಿದಿದ್ದು ಅಕ್ಕನ ಮನೆಯ ಇಪ್ಪತ್ತು ಚಿಟ್ಟೆಗಳ ಮೊಟ್ಟೆ ಮಾತ್ರ. ಮೊಟ್ಟೆ ಒಡೆದರೆ ಎಂಟು ಸಾವಿರ ಹುಳು. ಅವು ಗೂಡು ಕಟ್ಟಿದರೆ ತಳಿ ಉಳಿಯಿತು, ಇಲ್ಲದಿದ್ದರೆ ಇನ್ನು ಪ್ರಪಂಚದಲ್ಲಿ ಎಲ್ಲಿ ಹುಡುಕಿದರೂ ಇಲ್ಲ.

“ಅವ್ವನ ಕೈಯಿಂದ ನನ್ ಕೈಗೆ ಬಂದಿದ್ದು ಕಣ್ಲಾ ಇದು,” ಅಂದಳು ಅಕ್ಕ. “ನನ್ ಕೈಯಾಗೆ ಮುಗಿದೋದ್ರೆ ನಾನ್ ಯಾವ್ ಮಖ ಇಟ್ಕೊಂಡ್ ತಿರುಗ್ಲಿ?”

ಅವಳು ಅತ್ತಿದ್ದನ್ನು ನಾನು ಭಾವನ ತಿಥಿಯ ದಿನ ಬಿಟ್ಟರೆ ನೋಡಿದವನಲ್ಲ. ಆವತ್ತು ಸ್ಟೂಲಿನ ಮೇಲೆ ಕೂತು ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

“ಆಗ್ತದೆ ಅಕ್ಕ,” ಅಂದುಬಿಟ್ಟೆ. ಹೇಗೆ ಅಂತ ನನ್ನಾಣೆಗೂ ಗೊತ್ತಿರಲಿಲ್ಲ.

ಹೇಗೆ ಅನ್ನುವುದು ಹೊಳೆದದ್ದು ಮಾರನೆಯ ದಿನ, ಕೆಟ್ಟುಹೋದ ಗೋಡೆ ಗಡಿಯಾರದ ಬಜರ್ ಬಿಚ್ಚುವಾಗ. ಅದರೊಳಗೆ ಎಂಟಾಣೆ ಅಗಲದ ಹಿತ್ತಾಳೆ ಬಿಲ್ಲೆ ಇರುತ್ತದೆ. ಕರೆಂಟು ಕೊಟ್ಟರೆ ಅದು ಸದ್ದು ಮಾಡುತ್ತದೆ. ತಿರುಗಾಮುರುಗಾ ಮಾಡಿ, ಅದರ ಮೇಲೆ ಸದ್ದು ಬಿದ್ದರೆ ಕರೆಂಟು ಹುಟ್ಟಿಸುತ್ತದೆ. ಇರುವೆ ನಡೆದರೂ ಸಾಕು, ಅದಕ್ಕೆ ಗೊತ್ತಾಗುತ್ತದೆ. ತಟ್ಟೆಯ ತಳಕ್ಕೆ ಬಿಲ್ಲೆ ಅಂಟಿಸು, ಬಿಲ್ಲೆಯ ವೈರು ಬೋರ್ಡಿಗೆ, ಬೋರ್ಡಿನಿಂದ ಫೋನಿಗೆ. ಫೋನಿನ ಮೆದುಳು ಮೇಯುವ ಸದ್ದನ್ನು ಕೇಳಿ ಕಲಿತು, ಅದು ಒಂಚೂರು ಕುಗ್ಗಿದರೂ ಕೂಗಿಕೊಳ್ಳಲಿ. ಕಣ್ಣಿಗೆ ಕಾಣುವ ಮೊದಲು ಕಿವಿಗೆ ಕೇಳಲೇಬೇಕಲ್ಲ! ಆ ದಿನ ಊಟಕ್ಕೂ ಏಳಲಿಲ್ಲ ನಾನು.

ಹುಳುಮನೆಗೆ ಸಾಮಾನು ಒಯ್ಯುವುದೇ ಒಂದು ಯುದ್ಧ. ಸ್ನಾನ ಮಾಡದೆ ಒಳಗೆ ಬಿಡುವುದಿಲ್ಲ ಅಕ್ಕ. ತಲೆಗೆ ವಾಸನೆಯ ಎಣ್ಣೆ ಹಚ್ಚಬಾರದು, ಸೆಂಟು ಹಾಕಬಾರದು, ಬೀಡಿ ಸೇದಿದ ಬಾಯಲ್ಲಿ ಬಾಗಿಲ ಹತ್ತಿರವೂ ಸುಳಿಯಬಾರದು. ಸ್ಟ್ಯಾಂಡುಗಳ ನಾಲ್ಕು ಕಾಲಿಗೂ ಇರುವೆ ಬಾರದಂತೆ ನೀರು ತುಂಬಿದ ಬಟ್ಟಲು. ಇಪ್ಪತ್ತನಾಲ್ಕು ತಟ್ಟೆಗೆ ಇಪ್ಪತ್ತನಾಲ್ಕು ಗಾಜಿಲ್ಲದ ಫೋನು, ಒಂದೊಂದಕ್ಕೆ ಒಂದೊಂದು ಬೋರ್ಡು. ಕಿಟಕಿಯ ಹೊರಗೆ ಡಬ್ಬಿಯಲ್ಲಿ ಎಲ್ಲಕ್ಕೂ ಯಜಮಾನನಂತಿರುವ ದೊಡ್ಡ ಬೋರ್ಡು. ಸೆಖೆ ಹೆಚ್ಚಾದರೆ ಫ್ಯಾನು ಹಾಕಿ ಕಿಟಕಿಯಿಂದ ತಣ್ಣನೆ ಗಾಳಿ ಒಳಗೆಳೆಯುವ ಕೆಲಸವನ್ನೂ ಅದಕ್ಕೇ ಒಪ್ಪಿಸಿದೆ.

ಎಲ್ಲ ಜೋಡಿಸಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡೆ. ಅಯ್ಯಯ್ಯಪ್ಪಾ! ಚರಚರ ಚರಚರ ಅಂತ ಒಂದೇ ಸಮನೆ, ದೊಡ್ಡ ಬಾಣಲೆಗೆ ಒಗ್ಗರಣೆ ಬಿದ್ದ ಹಾಗೆ. ನೂರಾರು ಪುಟ್ಟ ದವಡೆ ಎಲೆ ಕತ್ತರಿಸುವ ಸದ್ದು ಅದು. ಗಮನ ಇಟ್ಟು ಕೇಳಿದರೆ ಅದರಲ್ಲೊಂದು ನಡಿಗೆ ಇತ್ತು. ಒಂದು ಮೂಲೆಯಲ್ಲಿ ಏಳುತ್ತದೆ, ಸರಿಯುತ್ತ ಆ ಮೂಲೆಗೆ ಹೋಗುತ್ತದೆ, ಕಡಿಮೆಯಾಗುತ್ತದೆ, ಮತ್ತೆ ಏಳುತ್ತದೆ.

“ಅಕ್ಕ, ಹುಳಾ ಹಾಡ್ತವೆ!” ಅಂತ ಕಿರುಚಿದೆ.

“ಗೊತ್ತದೆ ಬುಡು,” ಅಂದಳು ಸೊಪ್ಪು ಹರಡುತ್ತ. “ನಲವತ್ ವರ್ಷದಿಂದ ಕೇಳ್ತಾ ಇವ್ನಿ. ಅಷ್ಟಕ್ಕೆ ಇಷ್ಟೊಂದ್ ವೈರಾ?”

ಸರ್ಕಾರಿ ರೇಷ್ಮೆ ಬಿತ್ತನೆ ಕೇಂದ್ರದ ವಿಜ್ಞಾನಿ ಡಾ. ನುಸ್ರತ್ ಫಾತಿಮಾ ಮೇಡಂ ನೋಡಲು ಬಂದರು. ರಾಮನಗರದ ಕಡೆಯವರು, ತಾತನ ಕಾಲದಿಂದ ರೇಷ್ಮೆ ನೂಲು ತೆಗೆಯುವ ಮನೆತನ. ಮುಖ ಯಾವಾಗಲೂ ಬಿಗಿ. ಎರಡು ಮನೆಯ ಹಸಿರುಹೊನ್ನನ್ನು ನಿಂತು ಹೂಳಿಸಿದವರು ಅವರೇ, ಆಮೇಲೆ ಜೀಪಿನಲ್ಲಿ ಕೂತು ಅತ್ತರಂತೆ. ನಾನು ಅವರ ಫೋನಿಗೂ ಇಪ್ಪತ್ತನಾಲ್ಕು ತಟ್ಟೆಯ ಗೆರೆಗಳು ಹೋಗುವಂತೆ ಮಾಡಿಕೊಟ್ಟೆ. ಪ್ರತಿ ತಟ್ಟೆಗೆ ಒಂದು ಗೆರೆ, ಮೇದರೆ ಮೇಲೇರುತ್ತದೆ, ಸುಮ್ಮನಾದರೆ ಮಲಗುತ್ತದೆ. ಮೇಡಂ ಮೊದಲ ಸಲ ನಕ್ಕಿದ್ದನ್ನು ನಾನು ನೋಡಿದೆ.

ಅದೇ ಹೊತ್ತಿಗೆ ಒಂದು ಎಡವಟ್ಟು. ಐದನೇ ತಟ್ಟೆಯ ಫೋನಿನಲ್ಲಿ ಹಳೆಯ ಸಿಮ್ಮನ್ನು ತೆಗೆಯಲು ಮರೆತಿದ್ದೆ. ಅದಕ್ಕೆ ಯಾರೋ ಪುಣ್ಯಾತ್ಮ ಕರೆ ಮಾಡಿದ. ತಟ್ಟೆಯ ಕೆಳಗೆ ಫೋನು ಗುರ್ ಗುರ್ ಅಂತ ನಡುಗಿತು. ಮೇಯುತ್ತಿದ್ದ ಮುನ್ನೂರು ಹುಳು ಒಂದೇ ಸಲಕ್ಕೆ ತಲೆ ಎತ್ತಿ ನಿಂತವು, ಎರಡು ನಿಮಿಷ ಅಲುಗಾಡಲಿಲ್ಲ.

“ತೆಗ್ಯೋ ಅದ್ನ! ನಿನ್ ಮನೆ ಕಾಯ್ವಾಗ!” ಅಕ್ಕ ಸೊಪ್ಪಿನ ಕಡ್ಡಿ ಎತ್ತಿಕೊಂಡೇ ಬಂದಳು.

ನುಸ್ರತ್ ಮೇಡಂ ಮಾತ್ರ ತಟ್ಟೆಗೆ ಮೂಗು ತಾಗುವಷ್ಟು ಬಗ್ಗಿ ನಿಂತಿದ್ದರು. “ಹನುಮಯ್ಯನವರೇ, ಇವು ಕಾಲಿನಿಂದ ಕೇಳಿಸಿಕೊಳ್ತವೆ. ಪಕ್ಕದ ಹುಳು ಮೇಯ್ತಿದೆ ಅನ್ನೋದು ಎಲೆಯ ನಡುಕದಿಂದ ಇದಕ್ಕೆ ಗೊತ್ತಾಗತ್ತೆ. ಮೇಯ್ತಿದೆ ಅಂದ್ರೆ ಎಲೆ ಒಳ್ಳೇದು, ಭಯ ಇಲ್ಲ ಅಂತ ಅರ್ಥ. ನಾವು ಗುರ್ ಅನ್ಸಿದ್ರೆ ಭಯ ಬೀಳ್ತವೆ. ಹಾಗಾದ್ರೆ...” ಅಷ್ಟಕ್ಕೇ ನಿಲ್ಲಿಸಿ ಪುಸ್ತಕದಲ್ಲಿ ಏನೋ ಗೀಚಿಕೊಂಡರು.

ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇವು ಬಿಟ್ಟು ಮಂಕಾಗಿ ಕೂರುವುದರಿಂದ ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ವಾರವಿಡೀ ಅದರ ಹಸಿವು ರಾಕ್ಷಸ ಹಸಿವು. ಅದು ಮುಗಿದರೆ ಹಣ್ಣಾಗಿ ಗೂಡು ಕಟ್ಟುತ್ತದೆ. ನಮ್ಮ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದು ಗುರುವಾರ. ಆವತ್ತು ಇಪ್ಪತ್ತನಾಲ್ಕು ಗೆರೆಯೂ ಒಟ್ಟಿಗೆ ಮೇಲೆದ್ದು ಕುಣಿದವು. ಅಂಗಡಿಯಲ್ಲಿ ಕೂತು ನೋಡುತ್ತಿದ್ದ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಶುಕ್ರವಾರ ಬೆಳಿಗ್ಗೆ ಆ ಖುಷಿಯಲ್ಲಿ ನಾನು ಮಾಡಿದ ಕೆಲಸವನ್ನು ಹೇಳಲು ಇವತ್ತಿಗೂ ನಾಲಿಗೆ ಏಳುವುದಿಲ್ಲ. ಹೊಸ ಯಂತ್ರ ಶುರುವಾದರೆ ಪೂಜೆ ಮಾಡದೆ ಬಿಡುವ ಜಾತಿ ಅಲ್ಲ ನಮ್ಮದು. ಬೋರ್‌ವೆಲ್ ಮೋಟಾರಿಗೆ ಮಾಡುತ್ತೇವೆ, ಹಿಟ್ಟಿನ ಗಿರಣಿಗೆ ಮಾಡುತ್ತೇವೆ, ನನ್ನ ಸೋಲ್ಡರಿಂಗ್ ಕಡ್ಡಿಗೂ ವರ್ಷಕ್ಕೊಂದು ಸಲ ಕುಂಕುಮ ಇಡುತ್ತೇನೆ. ಅಕ್ಕ ಸೊಪ್ಪಿಗೆ ಹೋಗಿದ್ದಳು. ಹುಳುಮನೆಯ ಒಳಗೆ ಹೊಗೆ ಕೂಡದು ಅಂತ ನನಗೂ ಗೊತ್ತು. ಅದಕ್ಕೇ ಜಾಣತನ ಮಾಡಿ ಹೊರಗೆ, ಕಿಟಕಿಯ ಕೆಳಗಿದ್ದ ದೊಡ್ಡ ಬೋರ್ಡಿನ ಡಬ್ಬಿಗೆ ಹೂವು ಮುಡಿಸಿ, ಅಂಗಡಿಯಿಂದ ತಂದಿದ್ದ ಊದುಬತ್ತಿ ನಾಲ್ಕು ಹಚ್ಚಿ, ಕೈ ಮುಗಿದು, ಸ್ಕೂಟರ್ ಹತ್ತಿ ಕುಣಿಗಲ್ಲಿಗೆ ಬಂದೆ.

ಮಧ್ಯಾಹ್ನ ಹನ್ನೆರಡಕ್ಕೆ ಮೇಡಂ ಫೋನು ಬಂತು.

“ಗೆರೆ ನೋಡಿದ್ರಾ?”

ಗಿರಾಕಿಯ ಗಲಾಟೆಯಲ್ಲಿ ನೋಡಿರಲಿಲ್ಲ. ತೆರೆದೆ. ಇಪ್ಪತ್ತನಾಲ್ಕು ಗೆರೆಯಲ್ಲಿ ಹತ್ತೊಂಬತ್ತು ಮಲಗಿದ್ದವು. ನೋಡುತ್ತಿದ್ದ ಹಾಗೆ ಇಪ್ಪತ್ತನೆಯದೂ ಮಲಗಿತು.

“ಬಾಯಿಕಟ್ಟು,” ಅಂದರು ಮೇಡಂ. ದನಿಯಲ್ಲಿ ಜೀವ ಇರಲಿಲ್ಲ. “ನಾನು ನಾಲ್ಕು ಗಂಟೆಗೆ ವ್ಯಾನ್ ತಗೊಂಡು ಬರ್ತೀನಿ. ಅಕ್ಕನಿಗೆ ನೀವೇ ಹೇಳಿ. ನನ್ನ ಕೈಲಾಗಲ್ಲ.”

ಸ್ಕೂಟರ್ ಹೇಗೆ ಓಡಿಸಿದೆನೋ ದೇವರಿಗೇ ಗೊತ್ತು. ಹುಳುಮನೆಯ ಬಾಗಿಲಲ್ಲಿ ಅಕ್ಕ ಒಂದು ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದಳು. ನನಗೆ ಬಾಯಿ ಬರುವ ಮೊದಲೇ ಅವಳು ಹೇಳಿದಳು, “ಬಾಯ್ಕಟ್ಟು ಅಲ್ಲ ಕಣ್ಲಾ ಇದು. ಅದು ಬಂದ್ರೆ ತಲೆ ಬಗ್ಸ್ತವೆ. ಇವು ನೋಡು, ತಲೆ ಎತ್ಕೊಂಡು ಆ ಕಡೆ ಈ ಕಡೆ ತೂಗ್ತಾವೆ, ಹಸ್ರುನೀರು ಕಕ್ತಾವೆ. ಇವಕ್ಕೆ ಏನೋ ವಿಷ ತಾಕೈತೆ. ಯಾವ್ ತೋಟಕ್ಕೂ ಔಷ್ದಿ ಹೊಡ್ದಿಲ್ಲ, ಕೇಳ್ಕೊಂಡ್ ಬಂದೆ.”

ಆಮೇಲೆ ಗಾಳಿಯನ್ನು ಮೂಸಿದಳು. ಮೂಸುತ್ತ ಮೂಸುತ್ತ ಕಿಟಕಿಯ ಕಡೆಗೆ ನಡೆದಳು. ಹೊರಗೆ ಡಬ್ಬಿಯ ಮೇಲೆ ಬಾಡಿದ ಹೂವು, ನಾಲ್ಕು ಊದುಬತ್ತಿಯ ಬೂದಿ.

“ಯಾವ್ ಕಡ್ಡಿ ಇದು?”

ಗಾಡಿಯವನೊಬ್ಬ ಮಾರಿದ ಹೆಸರಿಲ್ಲದ ಪ್ಯಾಕೆಟ್ಟು. ದೇವರಿಗೂ ಆಯಿತು, ಸೊಳ್ಳೆಗೂ ಆಯಿತು ಅಂತ ಹೇಳಿ ಕೊಟ್ಟಿದ್ದ. ಅಂಗಡಿಯಲ್ಲಿ ಸಂಜೆ ಸೊಳ್ಳೆ ಕಾಟಕ್ಕೆ ಹಚ್ಚುತ್ತಿದ್ದೆ. ಸೊಳ್ಳೆಯನ್ನು ಕೊಲ್ಲುವ ಹೊಗೆ ರೇಷ್ಮೆ ಹುಳುವನ್ನು ಬಿಡುತ್ತದೆಯೇ? ಹೊಗೆ ಹೊರಗಿತ್ತು ನಿಜ. ಬಿಸಿಲೇರಿದ್ದೇ ತಡ ನನ್ನ ಬುದ್ಧಿವಂತ ಬೋರ್ಡು ಫ್ಯಾನು ಹಾಕಿ, ಅದೇ ಕಿಟಕಿಯಿಂದ ಹೊಗೆಯನ್ನೆಲ್ಲ ಒಳಗೆ ಎಳೆದುಕೊಟ್ಟಿತ್ತು. ನಾನೇ ಹೇಳಿಕೊಟ್ಟ ಪಾಠ ಅದು.

“ನಾನೇ ಅಕ್ಕ,” ಅಂದೆ. “ನಾನೇ ಹಚ್ಚಿದ್ದು.”

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಅಂಗೈಯ ಹುಳುವನ್ನೇ ನೋಡುತ್ತಿದ್ದಳು. “ಅಳಾದು ಬೈಯಾದು ಆಮ್ಯಾಕೆ,” ಅಂದಳು. “ಮೊದ್ಲು ಬಾಗ್ಲು ತೆಗಿ.”

ಫ್ಯಾನನ್ನು ತಿರುಗಿಸಿ ಹೊರಗೂದುವಂತೆ ಮಾಡಿದೆ. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬರದಂತೆ ಜಗಲಿಗೆ ಬಲೆ ಕಟ್ಟಿ, ತಟ್ಟೆ, ಫೋನು, ಬೋರ್ಡು ಸಮೇತ ಎಲ್ಲವನ್ನೂ ಅಲ್ಲಿಗೆ ಸಾಗಿಸಿದೆವು. ಅಕ್ಕ ಬೆಳಿಗ್ಗೆ ತಂದ ಸೊಪ್ಪಿನಲ್ಲಿ ಎಳೆಯದನ್ನೆಲ್ಲ ಆರಿಸಿ ಹಾಕಿದಳು. ನಡುವೆ ನಾನು ಮೇಡಂಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಗೆರೆಗಳು ಮಲಗಿದ ಹೊತ್ತನ್ನೂ ಕಳಿಸಿದೆ. ಕಿಟಕಿ ಪಕ್ಕದ ತಟ್ಟೆ ಮೊದಲು, ಆಮೇಲೆ ಎರಡನೇ ಸಾಲು, ಆಮೇಲೆ ಮೂರನೇ ಸಾಲು. ಬಾಯಿಕಟ್ಟು ಹೀಗೆ ಸಾಲು ಹಿಡಿದು ಬರುವುದಿಲ್ಲ, ಸೊಪ್ಪು ಹಾಕುವ ಕೈಯನ್ನು ಹಿಂಬಾಲಿಸಿ ಬರುತ್ತದೆ.

“ನಾನು ನಂಬ್ತೀನಿ,” ಅಂದರು ಮೇಡಂ. “ಆದ್ರೆ ಆರ್ಡರ್ ಆಗಿದೆ, ವ್ಯಾನ್ ಹೊರಟಿದೆ. ಕಾರಣ ಏನು ಅಂತ ಕಾನೂನು ಕೇಳಲ್ಲ. ಮೇಯ್ತಿದ್ಯಾ ಇಲ್ವಾ ಅಷ್ಟೇ ಕೇಳತ್ತೆ. ನಾನು ಬಂದಾಗ ಮೇಯ್ತಿದ್ರೆ ವಾಪಸ್ ಹೋಗ್ತೀನಿ. ಇಲ್ಲಾಂದ್ರೆ ನನ್ನ ಹತ್ರ ಬೇರೆ ದಾರಿ ಇಲ್ಲ.”

ಎರಡೂವರೆ ಆಯಿತು. ಹಸಿರುನೀರು ಕಕ್ಕುವುದು ನಿಂತಿತ್ತು, ತೂಗಾಟ ನಿಂತಿತ್ತು. ಆದರೆ ಒಂದೇ ಒಂದು ಹುಳು ಎಲೆಗೆ ಬಾಯಿ ಇಡಲಿಲ್ಲ. ಎಂಟು ಸಾವಿರವೂ ತಲೆ ಎತ್ತಿ ಕಲ್ಲಿನ ಹಾಗೆ ಕೂತಿದ್ದವು. ವಿಷ ಇಳಿದಿದೆ, ಭಯ ಇಳಿದಿಲ್ಲ. ಒಂದು ತಿಂದರೆ ಇನ್ನೊಂದು ತಿನ್ನುತ್ತದೆ, ಮೊದಲು ತಿನ್ನುವವರಾರು?

ಆಗ ಮೇಡಂ ಅರ್ಧಕ್ಕೇ ನಿಲ್ಲಿಸಿದ ಮಾತು ತಲೆಗೆ ಬಂತು. ಹಾಗಾದ್ರೆ... ಹಾಗಾದರೆ ಏನು? ಗುರ್ ಅಂದರೆ ಹೆದರುವ ಹುಳು, ಚರಚರ ಅಂದರೆ ಧೈರ್ಯ ತಂದುಕೊಳ್ಳಬೇಕಲ್ಲ! ಪ್ರತಿ ತಟ್ಟೆಯ ತಳದಲ್ಲಿ ನಡುಗುವ ಮೋಟಾರಿರುವ ಫೋನಿದೆ. ನಿನ್ನೆ ಮೇದ ಸದ್ದು ಅದರ ಹೊಟ್ಟೆಯೊಳಗೇ ಇದೆ. ಅದನ್ನು ಇವಕ್ಕೆ ವಾಪಸ್ ಕೇಳಿಸಿದರೆ?

ಜಗಲಿಯ ಕಂಬಕ್ಕೆ ಒರಗಿ ಕೂತು, ನನ್ನ ಫೋನಿಗೆ ಕೇಬಲ್ ಚುಚ್ಚಿ, ಹೆಬ್ಬೆರಳಲ್ಲಿ ಬರೆಯತೊಡಗಿದೆ. ಬೆವರಿಗೆ ಗಾಜು ಜಾರುತ್ತದೆ, ಒಂದು ಅಕ್ಷರ ಒತ್ತಿದರೆ ಇನ್ನೊಂದು ಬೀಳುತ್ತದೆ. ಬರೆದಿದ್ದು ಇಪ್ಪತ್ತು ಸಾಲು, ಮೂರು ಸಲ ತಪ್ಪು ಅಂತ ವಾಪಸ್ ಬಂತು. ನಾಲ್ಕನೇ ಸಲ ದೊಡ್ಡ ಬೋರ್ಡಿನ ದೀಪ ಮಿನುಗಿತು. ಮೂರೂ ಹತ್ತಕ್ಕೆ ಇಪ್ಪತ್ತನಾಲ್ಕು ಫೋನೂ ಒಟ್ಟಿಗೆ ನಡುಗಿದವು, ನಿನ್ನೆ ಹನ್ನೊಂದನೇ ತಟ್ಟೆ ಮೇದ ತಾಳದಲ್ಲಿ.

ಹುಳುಗಳು ಇನ್ನಷ್ಟು ಬಿಗಿದುಕೊಂಡವು. ಕೆಲವು ಎಲೆಯಿಂದ ಹಿಂದೆ ಸರಿದವು.

ನಾನು ಫೋನು ಬಿಸಾಡಿ ತಲೆ ಮೇಲೆ ಕೈ ಹೊತ್ತು ಕೂತೆ. ಅಳು ತಡೆಯಲಾಗಲಿಲ್ಲ, ಅತ್ತೆ. ಅಕ್ಕ ತಟ್ಟೆಯ ಅಂಚಿಗೆ ಬೆರಳಿಟ್ಟು ನೋಡುತ್ತಿದ್ದಳು.

“ಏನ್ಲಾ ಹಿಂಗ್ ಕುಟ್ಟುಸ್ತೀಯ?” ಅಂದಳು. “ಎಲ್ಲಾ ಒಂದೇ ಏಟ್ಗೆ ತಿಂತವಾ? ಪಂಕ್ತಿ ಊಟದಾಗೆ ಎಲ್ರೂ ಒಂದೇ ಸಲ ಬಾಯ್ಗೆ ತುತ್ತು ಇಟ್ರೆ ನಿಂಗೂ ದಿಗ್ಲಾಗಲ್ವಾ? ಒಂದು ಮೂಲೆಯಾಗೆ ಒಂದ್ ಹತ್ತು ಶುರು ಮಾಡ್ತವೆ, ಮೆತ್ತಗೆ. ಅದ್ ನೋಡಿ ಪಕ್ಕದವು. ಆಮ್ಯಾಕೆ ಅದರ್ ಪಕ್ಕದವು. ಸದ್ದು ನಡ್ಕೊಂಡ್ ಹೋಗ್ಬೇಕು ಕಣ್ಲಾ. ಇದು ನೋಡುದ್ರೆ ಪೊಲೀಸ್ನೋರು ಕವಾಯತು ಮಾಡ್ದಂಗೈತೆ.”

ನಾನು ಎದ್ದು ಕೂತೆ. ನಡೆದುಕೊಂಡು ಹೋಗುವ ಸದ್ದು! ಮೊದಲ ದಿನವೇ ಇಯರ್‌ಫೋನಿನಲ್ಲಿ ಕೇಳಿ ಕಿರುಚಿಕೊಂಡವನು ನಾನೇ ಅಲ್ಲವೇ? ನಡುಗಿಸುವ ಆತುರದಲ್ಲಿ ಅದನ್ನೇ ಬಿಟ್ಟುಬಿಟ್ಟಿದ್ದೆ.

“ಮೂಲೆಯಿಂದ ಮೂಲೆಗೆ ಹೋಗೋಕೆ ಎಷ್ಟ್ ಹೊತ್ತಕ್ಕ?”

“ಎಲೆ ಅಡಿಕೆ ಹಾಕಿ ಮೊದ್ಲು ಉಗಿಯೋ ಹೊತ್ತು.”

ಒಂದೂವರೆ ನಿಮಿಷ ಅಂತ ಹಾಕಿದೆ. ಬಜರ್ ಬಿಲ್ಲೆಯಿಂದಲೂ ಸದ್ದು ಹೊರಡಿಸಬಹುದಲ್ಲ, ಅದಕ್ಕೆ ತಟ್ಟೆಯ ಒಂದು ಮೂಲೆಯನ್ನು ಬಿಲ್ಲೆಗೆ ಒಪ್ಪಿಸಿದೆ, ಎದುರು ಮೂಲೆಯನ್ನು ಫೋನಿನ ಮೋಟಾರಿಗೆ. ನಡುಕವನ್ನು ಹತ್ತನೇ ಒಂದು ಪಾಲಿಗೆ ಇಳಿಸಿದೆ. ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಬಿಡುವು ಅನ್ನುವುದನ್ನು ಬೋರ್ಡೇ ಮನಸ್ಸಿಗೆ ಬಂದಂತೆ ಆರಿಸಿಕೊಳ್ಳಲಿ ಅಂತ ಬಿಟ್ಟೆ. ಮೂರು ಮೂವತ್ತೆಂಟಕ್ಕೆ ಬೋರ್ಡಿಗೆ ಇಳಿಸಿದೆ.

ಈ ಸಲ ಕಿವಿಗೆ ಏನೂ ಕೇಳಿಸಲಿಲ್ಲ. ಅಕ್ಕ ಬೆರಳಿಟ್ಟು, “ಹೂಂ, ಈಗ ಹುಳದಂಗೈತೆ,” ಅಂದಳು.

ಎರಡು ನಿಮಿಷ. ಐದು ನಿಮಿಷ. ಅಕ್ಕ ಉಸಿರಾಡುವುದೂ ನನಗೆ ಕೇಳುತ್ತಿತ್ತು. ಒಂಬತ್ತನೇ ತಟ್ಟೆಯ ಮೂಲೆಯಲ್ಲಿ ಒಂದು ಹುಳು ತಲೆ ತಗ್ಗಿಸಿತು. ತಲೆ ಬಗ್ಗಿಸಿದರೆ ಬಾಯಿಕಟ್ಟಲ್ಲವೇ! ಅದು ಎಲೆಯ ಅಂಚನ್ನು ಹುಡುಕಿತು. ಹಿಡಿಯಿತು. ಕತ್ತರಿಸಿತು. ಮೇಲಿಂದ ಕೆಳಕ್ಕೆ, ಮತ್ತೆ ಮೇಲಿಂದ ಕೆಳಕ್ಕೆ, ಎಲೆಯಲ್ಲಿ ಉಗುರಿನ ಆಕಾರದ ಬಿಲ್ಲು ಬಿತ್ತು. ಪಕ್ಕದ್ದು ತಲೆ ತಗ್ಗಿಸಿತು, ಅದರ ಪಕ್ಕದ್ದೂ.

“ತಿಂತದೆ ಕಣ್ಲಾ,” ಅಂದಳು ಅಕ್ಕ, ಜೋರಾಗಿ ಹೇಳಿದರೆ ನಿಂತುಬಿಟ್ಟೀತು ಅನ್ನುವಂತೆ ಪಿಸುದನಿಯಲ್ಲಿ. “ತಿಂತದೆ, ತಿಂತದೆ! ಹನ್ನೆರಡ್ನೇದು ನೋಡು! ಅಯ್ಯೋ ನನ್ನವ್ವಾ, ಅದೂ ತಿಂತದೆ!”

ನಾನು ಗೆರೆಗಳನ್ನು ನೋಡುತ್ತಿದ್ದೆ. ಒಂಬತ್ತು ಎದ್ದಿತು. ಹನ್ನೆರಡು, ಮೂರು, ಇಪ್ಪತ್ತು. ಕಿಟಕಿಯ ಪಕ್ಕವಿದ್ದ ಒಂದನೇ ತಟ್ಟೆ, ಎಲ್ಲಕ್ಕಿಂತ ಹೆಚ್ಚು ಹೊಗೆ ಕುಡಿದದ್ದು, ಎಲ್ಲಕ್ಕಿಂತ ಕೊನೆಗೆ ಎದ್ದಿತು. ಫೋನುಗಳನ್ನು ಒಂದೊಂದಾಗಿ ಸುಮ್ಮನಾಗಿಸಿದೆ. ಸದ್ದು ನಿಲ್ಲಲಿಲ್ಲ. ಈಗ ಅದು ಹುಳುಗಳದ್ದೇ ಸದ್ದು, ಬರಿಯ ಕಿವಿಗೆ ಕೇಳುವಷ್ಟು ಜೋರು.

ವ್ಯಾನು ಬಂದಾಗ ನಾಲ್ಕೂ ಐದು. ಮೇಡಂ ಇಳಿದರು. ಹಿಂದೆ ಗುದ್ದಲಿ, ಸುಣ್ಣದ ಚೀಲ ಹೊತ್ತ ಮೂವರು ಆಳುಗಳು. ಜಗಲಿಯ ಮೆಟ್ಟಿಲ ಹತ್ತಿರ ಬಂದವರು ಹಾಗೇ ನಿಂತುಬಿಟ್ಟರು. ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಬಲೆ ಸರಿಸಿ ಒಳಗೆ ಬಂದು, ಇಪ್ಪತ್ತನಾಲ್ಕು ತಟ್ಟೆಯನ್ನೂ ಒಂದೊಂದಾಗಿ ನೋಡಿದರು. ಚೀಲದಿಂದ ಆರ್ಡರ್ ಕಾಗದ ತೆಗೆದು, ನಾಶಪಡಿಸಿದ ಹುಳುಗಳ ಸಂಖ್ಯೆ ಅನ್ನುವ ಕಡೆ ಉದ್ದಕ್ಕೆ ಒಂದು ಗೆರೆ ಎಳೆದು ಸಹಿ ಹಾಕಿದರು. ಅಷ್ಟರಲ್ಲಿ ಅವರ ಬಿಗಿ ಮುಖದ ಕಟ್ಟೆ ಒಡೆದಿತ್ತು. ಅಕ್ಕನ ಎರಡೂ ಕೈ ಹಿಡಿದುಕೊಂಡು ನಗುತ್ತಲೇ ಅತ್ತರು.

“ಪುಟ್ಟಹೊನ್ನಮ್ಮನವರೇ, ಇದು ಬರೀ ಈ ಮನೆಗಲ್ಲ. ಬಾಯಿಕಟ್ಟು ಬಂದಿರೋ ಕಡೆಯೂ ಈ ಸದ್ದು ಕೇಳಿಸಿ ನೋಡ್ಬೇಕು. ಮೊದಲ ದಿನವೇ ಮೇಯೋಕೆ ಶುರು ಮಾಡಿಸ್ಬಿಟ್ರೆ...”

“ಅದೆಲ್ಲಾ ಆಮ್ಯಾಕೆ ಮಾಡ್ವೆ ಮೇಡಂ,” ಅಂತ ಅಕ್ಕ ಕೈ ಬಿಡಿಸಿಕೊಂಡಳು. ಅವಳ ಕಣ್ಣು ತಟ್ಟೆಗಳ ಮೇಲಿತ್ತು. ಬೆಳಗಿನಿಂದ ಉಪವಾಸವಿದ್ದ ಎಂಟು ಸಾವಿರ ಬಾಯಿ ಒಂದೇ ಸಲ ಹಸಿದರೆ ಏನಾಗುತ್ತದೆ ಅಂತ ನಾವ್ಯಾರೂ ಯೋಚಿಸಿರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಎಲೆಯೆಲ್ಲ ಹೋಗಿ ಬರಿಯ ದೇಟು ಉಳಿದಿತ್ತು, ಮೂಲೆಯಲ್ಲಿದ್ದ ಸೊಪ್ಪಿನ ಕಂತೆಯೂ ಖಾಲಿ. ಹುಳುಗಳು ತಟ್ಟೆಯ ಅಂಚಿಗೆ ಹತ್ತಿ ಎಲೆ ಹುಡುಕುತ್ತಿದ್ದವು.

ಅಕ್ಕ ಸೂರಿಗೆ ಸಿಕ್ಕಿಸಿದ್ದ ಕುಡುಗೋಲುಗಳನ್ನು ಕಿತ್ತು, ಒಂದನ್ನು ನನ್ನ ಕೈಗೆ ತುರುಕಿದಳು. ಸುಣ್ಣದ ಚೀಲ ಹೊತ್ತು ಬಾಯಿ ಬಿಟ್ಟುಕೊಂಡು ನಿಂತಿದ್ದ ಆಳುಗಳ ಕಡೆ ತಿರುಗಿದಳು.

“ಏನ್ರಪ್ಪಾ ಮಕ ನೋಡ್ಕೊಂಡ್ ನಿಂತಿದ್ದೀರಾ? ಹೂಳೋಕ್ ಬಂದ್ ಕೈ ತಾನೆ, ಕುಯ್ಯೋಕಾಗಲ್ವಾ? ಬರ್ರಿ ತೋಟ್ಕೆ! ಹೊತ್ತು ಮುಳ್ಗೋದ್ರೊಳ್ಗೆ ವ್ಯಾನ್ ತುಂಬ ಸೊಪ್ಪು ಬೇಕು ನಂಗೆ!”

ಸುಣ್ಣದ ಚೀಲಗಳು ಧೊಪ್ಪೆಂದು ಅಂಗಳಕ್ಕೆ ಬಿದ್ದವು. ಮುಂದೆ ಅಕ್ಕ, ಹಿಂದೆ ಮೂವರು ಆಳು, ಅವರ ಹಿಂದೆ ನಾನು. ಎಲ್ಲರಿಗಿಂತ ಕೊನೆಗೆ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಬರಿಗಾಲಲ್ಲಿ, ನನಗೂ ಒಂದು ಕುಡುಗೋಲು ಕೊಡಿ ಅಂತ ಕೂಗುತ್ತ ಓಡಿ ಬಂದರು ಡಾ. ನುಸ್ರತ್ ಫಾತಿಮಾ.